ಗೇಟಿನ ಮುಂದೆ ನಡುಗುವ ಆಟೊಮ್ಯಾಟಿಕ್ ಗಾಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆಟೊಮ್ಯಾಟಿಕ್ ಗೇರಿನವೇ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಕ್ಲಚ್ ಪೆಡಲ್ ಇಲ್ಲದ ಗಾಡಿ ಕೊಳ್ಳುವವರು ಜಾಸ್ತಿಯಾಗಿದ್ದಾರೆ. ಅದರ ಗುಣ ತಿಳಿಸಿ ಹೇಳುವವರು ಮಾತ್ರ ಅಷ್ಟಿಲ್ಲ. ‘ಡಿ’ಗೆ ಹಾಕಿ, ಹೋಗ್ತಾ ಇರಿ ಸರ್ ಎಂದು ಕೀ ಕೈಗಿಟ್ಟು ಕಳಿಸಿಬಿಡುತ್ತಾರೆ. ಹತ್ತು ಹನ್ನೆರಡು ಲಕ್ಷ ಸುರಿದ ಮನುಷ್ಯನಿಗೆ ತನ್ನ ಗಾಡಿಯೊಳಗೆ ಯಾವ ಬಗೆಯ ಗೇರ್ ಬಾಕ್ಸ್ ಇದೆ ಎಂಬುದೇ ಗೊತ್ತಿರುವುದಿಲ್ಲ. ನನ್ನ ಗ್ಯಾರೇಜಿಗೆ ಬಂದವರನ್ನು ನಾನು ಮೊದಲು ಕೇಳುವುದೇ ಅದನ್ನು: ಎಎಂಟಿಯೋ, ಸಿವಿಟಿಯೋ, ಡಿಸಿಟಿಯೋ, ಟಾರ್ಕ್ ಕನ್ವರ್ಟರೋ? ನಾಲ್ಕಕ್ಕೂ ‘ಆಟೊಮ್ಯಾಟಿಕ್’ ಎಂಬ ಒಂದೇ ಹೆಸರಿದ್ದರೂ ರೋಗ ಬೇರೆ, ಮದ್ದೂ ಬೇರೆ. ನಿಮ್ಮ ಗಾಡಿಯ ಮಾಲೀಕರ ಕೈಪಿಡಿಯಲ್ಲಿ ಅದು ಬರೆದಿರುತ್ತದೆ. ದಯವಿಟ್ಟು ಇವತ್ತೇ ತೆಗೆದು ನೋಡಿ.

ನಮ್ಮದು ಏಳು ಗೇರಿನ ಡಿಸಿಟಿ ಪೆಟ್ರೋಲ್ ಗಾಡಿ, ಕೊಂಡು ಒಂದೂವರೆ ವರ್ಷ. ಸುಧಾ ಕ್ರಾಸ್ ರೈಲ್ವೆ ಗೇಟು ತೆರೆದ ಮೇಲೆ ಗಾಡಿಗಳ ಸಾಲಿನಲ್ಲಿ ನಿಧಾನಕ್ಕೆ ಸಾಗುವಾಗ, ಎರಡನೇ ಗೇರಿಗೆ ಬಿದ್ದ ಕೂಡಲೇ ಗಾಡಿ ಗಡಗಡ ನಡುಗುತ್ತದೆ. ಮೇ ತಿಂಗಳಲ್ಲಿ ಒಮ್ಮೆ ಗೇರ್ ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆಯೂ ಬಂತು. ಬೆಳಿಗ್ಗೆ ಮನೆಯಿಂದ ರಿವರ್ಸ್ ತೆಗೆಯುವಾಗಲೂ ಅದೇ ನಡುಕ. ಸರ್ವೀಸ್ ಸೆಂಟರ್‌ನವರು ‘ಇದು ನಾರ್ಮಲ್ ಮೇಡಂ, ನೀವು ಓಡಿಸುವ ರೀತಿ ಬದಲಿಸಿ’ ಎನ್ನುತ್ತಾರೆ. ಗಾಡಿ ಮಾರಿಬಿಡಲೇ?
ಬ್ಯಾಂಕ್ ಉದ್ಯೋಗಿ, ಬಳ್ಳಾರಿ

ಮಾರಬೇಡಿ ಅಮ್ಮಾ. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಸರ್ವೀಸ್ ಸೆಂಟರ್‌ನವರು ಎರಡನ್ನೂ ಒಂದೇ ಗಂಟಿಗೆ ಕಟ್ಟಿ ನಿಮ್ಮ ತಲೆಯ ಮೇಲೆ ಹೊರಿಸುತ್ತಿದ್ದಾರೆ.

ಡಿಸಿಟಿ ಒಳಗೆ ಎರಡು ಕ್ಲಚ್ ಇರುತ್ತವೆ. ನಿಮ್ಮಂಥ ಏಳು ಗೇರಿನ ಬಾಕ್ಸಿನಲ್ಲಿ ಒಂದು ಕ್ಲಚ್ 1, 3, 5, 7ನೇ ಗೇರುಗಳಿಗೆ, ಇನ್ನೊಂದು 2, 4, 6 ಮತ್ತು ರಿವರ್ಸ್‌ಗೆ. ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನದು ಇನ್ನೊಂದು ಕ್ಲಚ್ಚಿನಲ್ಲಿ ತಯಾರಾಗಿ ಕೂತಿರುತ್ತದೆ. ಅದಕ್ಕೇ ಹೊಸಪೇಟೆ ರಸ್ತೆಯಲ್ಲಿ ಹೋಗುವಾಗ ಗೇರ್ ಬದಲಾದದ್ದೇ ನಿಮಗೆ ತಿಳಿಯುವುದಿಲ್ಲ. ಇಂಥ ಬಾಕ್ಸುಗಳಲ್ಲಿ ಬಹಳಷ್ಟು ಡ್ರೈ ಕ್ಲಚ್ಚಿನವು. ಎಂದರೆ ಕ್ಲಚ್ ಪ್ಲೇಟುಗಳು ಆಯಿಲಿನಲ್ಲಿ ಮುಳುಗಿರುವುದಿಲ್ಲ, ಬಿಸಿಯನ್ನು ಹೊತ್ತೊಯ್ಯಲು ಗಾಳಿಯೇ ಗತಿ. ಗೇಟಿನ ಮುಂದೆ ಗಾಡಿ ನಡೆಯುವವರ ವೇಗದಲ್ಲಿ ತೆವಳುವಾಗ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಹಳೆಯ ಗಾಡಿಯಲ್ಲಿ ನಾವು ಕಾಲಿನಿಂದ ಮಾಡುತ್ತಿದ್ದ ಹಾಫ್ ಕ್ಲಚ್ಚನ್ನು ಇಲ್ಲಿ ಕಂಪ್ಯೂಟರ್ ಮಾಡುತ್ತಿರುತ್ತದೆ. ಪ್ಲೇಟು ಉಜ್ಜುತ್ತದೆ, ಕಾಯುತ್ತದೆ. ಹೊರಗೆ ನಮ್ಮೂರ ಮೇ ತಿಂಗಳ ಬಿಸಿಲು, ಕೆಳಗೆ ಕಾದ ಡಾಂಬರು, ಎದುರಿಗೆ ಅದಿರು ಲಾರಿಯ ಬಿಸಿ ಹೊಗೆ. ಗಾಳಿಯೇ ಬಿಸಿಯಾಗಿರುವಾಗ ಕ್ಲಚ್ ತಣಿಯುವುದು ಹೇಗೆ? ಎಚ್ಚರಿಕೆ ಬಂದದ್ದು ಹೀಗೆ.

ಮತ್ತೆ ಆ ಎಚ್ಚರಿಕೆ ಬಂದರೆ ಹೆದರಿ ಎಂಜಿನ್ ಆಫ್ ಮಾಡಬೇಡಿ. ಪಕ್ಕಕ್ಕೆ ನಿಲ್ಲಿಸಿ, ‘ಪಿ’ಗೆ (ಪಾರ್ಕಿಂಗ್) ಹಾಕಿ, ಎಂಜಿನ್ ಓಡುತ್ತಿರಲಿ. ಸಂದೇಶ ಹೋದ ಮೇಲೆ ಹೊರಡಿ. ಅದು ಬಾರದಂತೆ ನೋಡಿಕೊಳ್ಳಲು ಸಾಲಿನಲ್ಲಿ ಮುಂದಿನ ಗಾಡಿಯ ಬಾಲ ಹಿಡಿದು ಅಂಗುಲ ಅಂಗುಲ ಸರಿಯುವುದನ್ನು ಬಿಡಿ. ಬ್ರೇಕ್ ಪೂರ್ತಿ ಒತ್ತಿ ನಿಲ್ಲಿ, ಒಂದೆರಡು ಗಾಡಿಯಷ್ಟು ಜಾಗ ಬಿಟ್ಟ ಮೇಲೆ ಒಮ್ಮೆಗೇ ಮುಂದೆ ಹೋಗಿ, ಮತ್ತೆ ಪೂರ್ತಿ ನಿಲ್ಲಿ. ಬ್ರೇಕ್ ಗಟ್ಟಿಯಾಗಿ ಒತ್ತಿದಾಗ ಕ್ಲಚ್ ಬಿಟ್ಟುಕೊಳ್ಳುತ್ತದೆ. ಅರ್ಧ ಒತ್ತಿದರೆ ಒಂದು ಕಡೆ ಎಳೆತ, ಇನ್ನೊಂದು ಕಡೆ ತಡೆ, ಪ್ಲೇಟಿಗೆ ಅದೇ ದೊಡ್ಡ ಏಟು. ಸಾಲು ತೀರಾ ನಿಧಾನವಾಗಿದ್ದರೆ ಲಿವರನ್ನು ಮ್ಯಾನ್ಯುಯಲ್‌ಗೆ ತಂದು ಒಂದನೇ ಗೇರಿನಲ್ಲೇ ಇಡಿ. ಒಂದು-ಎರಡು, ಎರಡು-ಒಂದು ಎಂಬ ಹಗ್ಗಜಗ್ಗಾಟ ತಪ್ಪುತ್ತದೆ. ಸೇತುವೆಯ ಏರಿನಲ್ಲಿ ಟ್ರಾಫಿಕ್ ನಿಂತರೆ ಎಕ್ಸಲರೇಟರ್ ಮೇಲೆ ಗಾಡಿಯನ್ನು ಹಿಡಿದಿಡಬೇಡಿ. ಬ್ರೇಕ್, ಇಲ್ಲವಾದರೆ ಬ್ರೇಕನ್ನು ತಾನೇ ಹಿಡಿದಿಡುವ ಆಟೊ ಹೋಲ್ಡ್. ಇಷ್ಟರ ಮಟ್ಟಿಗೆ ಸರ್ವೀಸ್ ಸೆಂಟರ್‌ನವರು ಹೇಳಿದ್ದು ಸರಿ.

ಇನ್ನು ಎರಡನೆಯದು. ಬೆಳಿಗ್ಗೆ ಗಾಡಿ ತಣ್ಣಗಿರುತ್ತದೆ. ಟ್ರಾಫಿಕ್ ಇಲ್ಲ, ಬಿಸಿಲಿಲ್ಲ. ಆಗಲೂ ರಿವರ್ಸ್‌ನಲ್ಲಿ ನಡುಗುತ್ತದೆ ಎಂದರೆ ಓಡಿಸುವ ರೀತಿಯನ್ನು ದೂರುವುದು ಹೇಗೆ? ನಿಮ್ಮ ಪತ್ರದ ಬೆಲೆಬಾಳುವ ಸಾಲು ಅದೇ. ಎರಡನೇ ಗೇರಿನಲ್ಲಿ ನಡುಕ, ರಿವರ್ಸ್‌ನಲ್ಲೂ ನಡುಕ. ಒಂದನೆಯದರಲ್ಲಿ, ಮೂರನೆಯದರಲ್ಲಿ ಇದೆ ಎಂದು ನೀವು ಬರೆದಿಲ್ಲ. ಎರಡು ಮತ್ತು ರಿವರ್ಸ್ ಒಂದೇ ಕ್ಲಚ್ಚಿನ ಮಕ್ಕಳು. ಆ ಕ್ಲಚ್ಚಿನ ಮೇಲ್ಮೈ ಸುಟ್ಟು ಗಾಜಿನಂತೆ ನಯವಾಗಿರಬಹುದು, ಅದನ್ನು ಒತ್ತುವ ಆಕ್ಚುಯೇಟರ್ ಸರಿಯಾಗಿ ಕೆಲಸ ಮಾಡದಿರಬಹುದು, ಅಥವಾ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ಕಂಪ್ಯೂಟರ್ ಕಲಿತಿಟ್ಟುಕೊಂಡ ಲೆಕ್ಕ ತಪ್ಪಿರಬಹುದು. ಮೂರನೆಯದಾದರೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ಲೆಕ್ಕ ಅಳಿಸಿ ಮತ್ತೆ ಕಲಿಸಿದರೆ ಸಾಕು, ನಟ್ಟು ಬಿಚ್ಚುವ ಕೆಲಸವೇ ಇಲ್ಲ. ಹೊಸ ಸಾಫ್ಟ್‌ವೇರ್ ಬಂದಿದ್ದರೆ ಅದನ್ನೂ ಹಾಕಬೇಕು.

ಈಗ ನೀವು ಮಾಡಬೇಕಾದದ್ದು. ರಾತ್ರಿಯೇ ಗಾಡಿಯನ್ನು ಸರ್ವೀಸ್ ಸೆಂಟರಿನಲ್ಲಿ ಬಿಟ್ಟು ಬನ್ನಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಅವರ ಟೆಕ್ನಿಷಿಯನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಣ್ಣನೆಯ ಗಾಡಿಯಲ್ಲಿ ರಿವರ್ಸ್ ತೆಗೆಯಿರಿ. ನಡುಕ ಅವನ ಮೈಗೂ ತಗುಲಲಿ. ಆಮೇಲೆ ಜಾಬ್ ಕಾರ್ಡ್, ಎಂದರೆ ನಿಮ್ಮ ದೂರು ದಾಖಲಿಸುವ ಕಾಗದ, ಬರೆಸಿ. ಅಡ್ವೈಸರ್ ‘ಜನರಲ್ ಚೆಕಪ್’ ಎಂದು ಟೈಪ್ ಮಾಡಿದರೆ ಸಹಿ ಹಾಕಬೇಡಿ. ‘ತಣ್ಣಗಿರುವಾಗ ರಿವರ್ಸ್‌ನಲ್ಲಿ ನಡುಕ, ನಿಧಾನ ಗತಿಯಲ್ಲಿ ಎರಡನೇ ಗೇರಿನಲ್ಲಿ ನಡುಕ, ಟೆಕ್ನಿಷಿಯನ್ ಜೊತೆಗಿದ್ದು ನೋಡಿದ್ದಾರೆ’ ಎಂಬ ಮಾತುಗಳೇ ಅದರಲ್ಲಿ ಇರಬೇಕು. ದಿನಾಂಕ, ಕಿಲೋಮೀಟರ್ ಇರಬೇಕು. ಸ್ಕ್ಯಾನರಿನಲ್ಲಿ ಬಂದ ದೋಷದ ಕೋಡುಗಳ ಪ್ರಿಂಟ್ ಕೇಳಿ. ‘ನಾರ್ಮಲ್’ ಎನ್ನುವುದಾದರೆ ಅದನ್ನೂ ಅದೇ ಕಾಗದದ ಮೇಲೆ ಬರೆದು ಸಹಿ ಮಾಡಿಕೊಡಿ ಎನ್ನಿ. ಬಾಯಲ್ಲಿ ಸಲೀಸಾಗಿ ಬರುವ ಆ ಮಾತು ಪೆನ್ನಿನಲ್ಲಿ ಅಷ್ಟು ಸಲೀಸಾಗಿ ಬರುವುದಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಬಹಳಷ್ಟು ಕಂಪನಿಗಳ ವಾರಂಟಿ ಪುಸ್ತಕದಲ್ಲಿ ಕ್ಲಚ್ ಸವೆತವನ್ನು ಹೊರಗಿಟ್ಟಿರುತ್ತಾರೆ. ವಾರಂಟಿ ಮುಗಿಯುವವರೆಗೆ ‘ನಾರ್ಮಲ್’ ಎಂದು ತಳ್ಳಿ, ಮುಗಿದ ಮರುದಿನ ‘ಸವೆದಿದೆ’ ಎಂದರೆ ನಿಮ್ಮ ಕೈಯಲ್ಲಿ ಏನಿರುತ್ತದೆ? ಒಂದೂವರೆ ವರ್ಷಕ್ಕೇ ದೂರು ಕೊಟ್ಟಿದ್ದೆ ಎಂಬುದಕ್ಕೆ ಆ ಜಾಬ್ ಕಾರ್ಡೇ ಸಾಕ್ಷಿ.

ಗಿರಾಕಿಯ ಕಾಲಿನ ಮೇಲೆ ತಪ್ಪು ಹಾಕುವುದು ನಮ್ಮೂರಿನಲ್ಲಿ ಮಾತ್ರ ನಡೆದದ್ದೂ ಅಲ್ಲ. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಕಂಪನಿಯ ಪವರ್‌ಶಿಫ್ಟ್ ಎಂಬ ಡ್ಯುಯಲ್ ಕ್ಲಚ್ ಗೇರ್ ಬಾಕ್ಸ್ ಹೀಗೇ ನಡುಗುತ್ತಿತ್ತು. ದೂರು ಕೊಟ್ಟವರಲ್ಲಿ ಕೆಲವರಿಗೆ ‘ನೀವು ಓಡಿಸುವ ರೀತಿ ಕಾರಣ’ ಎಂದು ಹೇಳಲಾಗಿತ್ತು, ಬಾಕ್ಸಿನಲ್ಲಿ ತೊಂದರೆ ಇರುವುದು ಕಂಪನಿಗೆ ಗೊತ್ತಿದ್ದರೂ. ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. ದೂರುಗಳನ್ನು ನಡೆಸಿಕೊಂಡ ರೀತಿಗಾಗಿ 2018ರಲ್ಲಿ ಫೆಡರಲ್ ಕೋರ್ಟ್ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ನಮ್ಮಲ್ಲೂ ದಾರಿ ಇದೆ. ಡೀಲರ್ ಕೇಳದಿದ್ದರೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಜಾಬ್ ಕಾರ್ಡುಗಳ ಪ್ರತಿ ಲಗತ್ತಿಸಿ ಮೇಲ್ ಮಾಡಿ. ಅಲ್ಲೂ ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಗಾಡಿ ಬೆಂಗಳೂರಿನಲ್ಲಿ ಕೊಂಡಿದ್ದರೂ ಸರಿ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೇ ಅಧಿಕಾರ. 10ರಿಂದ 20 ಲಕ್ಷದ ಗಾಡಿಗೆ ಶುಲ್ಕ 400 ರೂಪಾಯಿ. ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು, ಅದನ್ನು ಮರೆಯಬೇಡಿ.

ನಾನು ಶಾಲಾ ಶಿಕ್ಷಕ. ಎಎಂಟಿ ಗಾಡಿ ತಗೊಂಡು ಎಂಟು ತಿಂಗಳು. ಗೇರ್ ಬದಲಾಗುವಾಗ ತಲೆ ಮುಂದಕ್ಕೆ ಬಾಗುತ್ತದೆ. ಡ್ರೈವರ್ ಬಾಗಿಲು ತೆಗೆದರೆ ಸಾಕು, ಒಳಗೆಲ್ಲೋ ಮೋಟಾರ್ ಓಡಿದ ಸದ್ದು. ಈಚೆಗೆ ಒಂದೊಂದು ಬೆಳಿಗ್ಗೆ ನ್ಯೂಟ್ರಲ್‌ನ ‘ಎನ್’ ಅಕ್ಷರ ಮಿಣುಕುತ್ತದೆ, ‘ಡಿ’ಗೆ ಹಾಕಿದರೂ ಗೇರ್ ಬೀಳುವುದಿಲ್ಲ. ಗೇರ್ ಬಾಕ್ಸ್ ಹೋಯಿತೇ?
ಸಿಂಧನೂರು

ಇಲ್ಲ ಮೇಷ್ಟ್ರೇ. ಮೂರರಲ್ಲಿ ಎರಡು ಅದರ ಹುಟ್ಟುಗುಣ, ಮೂರನೆಯದನ್ನು ಮಾತ್ರ ನೋಡಿಸಬೇಕು.

ಎಎಂಟಿ ಎಂದರೆ ನಮ್ಮ ಮಾಮೂಲಿ ಮ್ಯಾನ್ಯುಯಲ್ ಗೇರ್ ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಎಳೆಯುವ ಕೆಲಸವನ್ನು ನಿಮ್ಮ ಕಾಲು ಕೈ ಬದಲು ಒಂದು ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದು, ಕಡಿಮೆ ದುಡ್ಡಿಗೆ ಕ್ಲಚ್ಚಿಲ್ಲದ ಗಾಡಿ ಎಂದು ಊರೂರಿಗೆ ಹಬ್ಬಿತು. ಕ್ಲಚ್ ಒಂದೇ ಇರುವುದರಿಂದ ಗೇರ್ ಬದಲಿಸುವ ಹೊತ್ತಿನಲ್ಲಿ ಎಳೆತ ಕಡಿದುಹೋಗುತ್ತದೆ. ತಲೆ ಬಾಗುವುದು ಅದಕ್ಕೇ. ಗೇರ್ ಬದಲಾಗುವ ಹೊತ್ತು ನಿಮಗೆ ಈಗ ಅಂದಾಜು ಸಿಕ್ಕಿರುತ್ತದೆ. ಆಗ ಎಕ್ಸಲರೇಟರ್‌ನಿಂದ ಕಾಲನ್ನು ಕೊಂಚ ಸಡಿಲಿಸಿ, ಬಿದ್ದ ಮೇಲೆ ಮತ್ತೆ ಒತ್ತಿ. ಮನೆಯವರು ಬೈಯುವುದು ನಿಲ್ಲುತ್ತದೆ. ಬಾಗಿಲು ತೆಗೆದಾಗಿನ ಸದ್ದು ಹೈಡ್ರಾಲಿಕ್ ಪಂಪಿನದು. ನೀವು ಹತ್ತುವ ಮೊದಲೇ ಒತ್ತಡ ತಯಾರು ಮಾಡಿಕೊಳ್ಳುತ್ತದೆ, ಆ ಸದ್ದು ಬರಲೇಬೇಕು.

ಗೇರ್ ಬೀಳದಿರುವುದಕ್ಕೆ ಮೊದಲು ಎರಡು ಸಣ್ಣ ಸಾಮಾನು ನೋಡಿ. ಒಂದು, ಬ್ಯಾಟರಿ. ಆ ಪಂಪಿಗೆ ಕರೆಂಟು ಬೇಕು. ನಮ್ಮ ಕಡೆಯ ಬಿಸಿಲಿಗೆ ಬ್ಯಾಟರಿ ಬೇಗ ಸೊರಗುತ್ತದೆ, ಅದು ಸೊರಗಿದರೆ ಎಎಂಟಿ ಹಠ ಹಿಡಿಯುತ್ತದೆ. ಎರಡು, ಬ್ರೇಕ್ ಸ್ವಿಚ್. ಬ್ರೇಕ್ ಒತ್ತಿದ್ದೀರಿ ಎಂದು ಕಂಪ್ಯೂಟರಿಗೆ ತಿಳಿಯದ ಹೊರತು ನಿಂತ ಗಾಡಿಯಲ್ಲಿ ಗೇರ್ ಹಾಕಲು ಅದು ಒಪ್ಪುವುದಿಲ್ಲ. ಸಂಡೂರಿನ ಕಡೆಯಿಂದ ನನ್ನಲ್ಲಿಗೆ ಒಂದು ಗಾಡಿ ಬಂದಿತ್ತು, ಬೇರೆ ಕಡೆ ಕ್ಲಚ್ ಸೆಟ್ ಬದಲಿಸಬೇಕೆಂದು ಎಸ್ಟಿಮೇಟ್ ಕೊಟ್ಟಿದ್ದರು. ಹುಡುಗನನ್ನು ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿದೆ. ‘ಅಣ್ಣಾ, ಲೈಟು ಒಮ್ಮೆ ಹತ್ತತದ, ಒಮ್ಮೆ ಹತ್ತಂಗಿಲ್ಲ’ ಅಂದ. ಪೆಡಲಿನ ಬುಡದಲ್ಲಿರುವ ಹೆಬ್ಬೆರಳಿನಷ್ಟು ಸ್ವಿಚ್ಚು, ಅದರ ಕನೆಕ್ಟರ್ ತುಂಬ ಅದಿರಿನ ಕೆಂಪು ಹುಡಿ, ಒರೆಸಿದ ಬಟ್ಟೆ ಕುಂಕುಮದ ಬಣ್ಣಕ್ಕೆ ತಿರುಗಿತು. ಸ್ವಿಚ್ ಬದಲಿಸಿದ ಮೇಲೆ ಗಾಡಿ ತಕರಾರಿಲ್ಲದೆ ಗೇರಿಗೆ ಬಿತ್ತು. ನೀವೂ ಮನೆಯಲ್ಲಿ ಯಾರನ್ನಾದರೂ ಹಿಂದೆ ನಿಲ್ಲಿಸಿ ಲೈಟು ನೋಡಿಸಿ. ಎರಡೂ ಸರಿ ಇದ್ದು ತೊಂದರೆ ಹಾಗೇ ಇದ್ದರೆ ಆಗ ಆಕ್ಚುಯೇಟರ್ ಪರೀಕ್ಷೆಯ ಮಾತು. ವಾರಂಟಿ ಇದೆ, ಮೇಲೆ ಹೇಳಿದ ಹಾಗೆ ಜಾಬ್ ಕಾರ್ಡಿನಲ್ಲಿ ಬರೆಸಿ.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇದಕ್ಕೂ ಕ್ಲಚ್ ಪ್ಲೇಟ್ ಇದೆ, ಏರಿನಲ್ಲಿ ಎಕ್ಸಲರೇಟರ್ ಮೇಲೆ ಹಿಡಿದು ನಿಲ್ಲಿಸಿದರೆ ಸುಡುತ್ತದೆ. ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇಲ್ಲದ ಗಾಡಿಯಾದರೆ ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ರೇಸ್ ಕೊಟ್ಟು, ಎಳೆತ ಸಿಕ್ಕ ಮೇಲೆ ಬಿಡಿ.

ನಮ್ಮ ಟಾರ್ಕ್ ಕನ್ವರ್ಟರ್ ಗಾಡಿ ಕಾರಟಗಿ ದಾಟಿದ ಮೇಲೆ ಎಂಜಿನ್ ಬಂದಾಗಿ ನಿಂತಿತು. ಊರಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಂಗಾವತಿವರೆಗೆ ಎಳೆಸಿದೆವು. ಎಂಜಿನ್ ರಿಪೇರಿಯಾಯಿತು. ಈಗ ಓಡುವಾಗ ಕೆಳಗಿನಿಂದ ಹುಂಯ್ ಎಂಬ ಸದ್ದು ಶುರುವಾಗಿದೆ.
ಅಕ್ಕಿ ವ್ಯಾಪಾರಿ, ಗಂಗಾವತಿ

ಸಾಹುಕಾರರೇ, ಮೊದಲು ಗಾಡಿ ಓಡಿಸುವುದನ್ನು ನಿಲ್ಲಿಸಿ.

ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದು ತಿರುಗುತ್ತದಲ್ಲ, ಟಾರ್ಕ್ ಕನ್ವರ್ಟರ್ ಕೆಲಸ ಮಾಡುವುದು ಹಾಗೆ, ಗಾಳಿಯ ಬದಲು ಆಯಿಲ್. ಆ ಆಯಿಲನ್ನು ಬೇರಿಂಗ್, ಗೇರುಗಳಿಗೆಲ್ಲ ತಲುಪಿಸುವ ಪಂಪ್ ಓಡುವುದು ಎಂಜಿನ್ ಓಡಿದಾಗ ಮಾತ್ರ. ಎಂಜಿನ್ ಬಂದಾದ ಗಾಡಿಯನ್ನು ಚಕ್ರದ ಮೇಲೆ ಎಳೆದರೆ ಒಳಗಿನ ಭಾಗಗಳು ತಿರುಗುತ್ತವೆ, ಆಯಿಲ್ ಮಾತ್ರ ಬರುವುದಿಲ್ಲ. ‘ನ್ಯೂಟ್ರಲ್‌ನಲ್ಲಿತ್ತಲ್ಲ’ ಎನ್ನುತ್ತೀರಿ. ನ್ಯೂಟ್ರಲ್‌ನಲ್ಲಿದ್ದರೂ ಚಕ್ರದ ಕಡೆಯ ಭಾಗ ತಿರುಗುತ್ತಲೇ ಇರುತ್ತದೆ.

ಫ್ಲಾಟ್‌ಬೆಡ್ ಗಾಡಿ ತರಿಸಿ, ಅದರ ಮೇಲೆ ಹೇರಿ ವರ್ಕ್‌ಶಾಪಿಗೆ ಕಳಿಸಿ. ಆಯಿಲ್ ಪ್ಯಾನ್ ಇಳಿಸಿ ಅದರೊಳಗಿನ ಅಯಸ್ಕಾಂತ ತೋರಿಸಲು ಹೇಳಿ, ನೀವೇ ಕಣ್ಣಾರೆ ನೋಡಿ. ಬೂದು ಬಣ್ಣದ ನುಣುಪಾದ ಲೇಪದಂಥದ್ದು ಇದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಗೇರ್ ಬಾಕ್ಸ್ ಬಿಚ್ಚಲೇಬೇಕು. ಮುಂದೆ ಇಂಥ ಸಂದರ್ಭ ಬಂದರೆ ನಿಮ್ಮ ವಿಮೆಯಲ್ಲೋ ವಾರಂಟಿಯಲ್ಲೋ ರಸ್ತೆ ನೆರವಿನ ಸೌಲಭ್ಯ ಇದೆಯೇ ನೋಡಿ, ಆ ನಂಬರನ್ನು ಗಾಡಿಯಲ್ಲೇ ಬರೆದಿಡಿ. ಹೊಲದಲ್ಲಿ ಟ್ರ್ಯಾಕ್ಟರಿಗೆ ಸಮ ಇಲ್ಲ, ಆಟೊಮ್ಯಾಟಿಕ್ ಗಾಡಿಗೆ ಮಾತ್ರ ಅದರ ಹಗ್ಗ ಬೇಡ. ಸಿವಿಟಿ, ಡಿಸಿಟಿ ಇಟ್ಟುಕೊಂಡವರಿಗೂ ಇದೇ ಮಾತು.

ಶಕ್ತಿನಗರದಲ್ಲಿ ನರ್ಸ್ ಆಗಿದ್ದೇನೆ. ಮೂರು ವರ್ಷ ಓಡಿದ ಸಿವಿಟಿ ಗಾಡಿ ಕೊಳ್ಳುವ ಯೋಚನೆ. ಏನು ನೋಡಬೇಕು? ಮಾರುವವರು ‘ಇದರ ಗೇರ್ ಆಯಿಲ್ ಜೀವನಪರ್ಯಂತ, ಬದಲಿಸುವಂತಿಲ್ಲ’ ಎನ್ನುತ್ತಾರೆ.
ರಾಯಚೂರು ಜಿಲ್ಲೆ

ತಂಗಿ, ‘ಜೀವನಪರ್ಯಂತ’ ಎಂಬ ಮಾತನ್ನು ನಂಬಬೇಡಮ್ಮ. ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಠಿಣ ಬಳಕೆಗೆ ಬೇರೆಯೇ ಪಟ್ಟಿ ಇರುತ್ತದೆ. ಧೂಳು, ಬಿಸಿಲು, ನಿಂತು ಹೊರಡುವ ಓಡಾಟ ಎಲ್ಲ ಅದರಲ್ಲಿ ಬರುತ್ತದೆ. ರಾಯಚೂರು ಸೀಮೆಯ ಓಡಾಟ ಕಠಿಣವಲ್ಲದೆ ಇನ್ನೇನು? ಆ ಪಟ್ಟಿಯ ಪ್ರಕಾರ ಆಯಿಲ್ ಬದಲಾಗಿದೆಯೇ ಎಂದು ಸರ್ವೀಸ್ ದಾಖಲೆಯಲ್ಲಿ ನೋಡಿಕೋ.

ಸಿವಿಟಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಗೇರುಗಳಿಲ್ಲ. ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟು. ಪುಲ್ಲಿ ಆ ಬೆಲ್ಟನ್ನು ಅದುಮಿ ಹಿಡಿಯುವುದು ಆಯಿಲಿನ ಒತ್ತಡದಿಂದ. ಹಾಗಾಗಿ ಇಲ್ಲಿ ಆಯಿಲ್ ಬರೀ ಜಾರುವಿಕೆಗೆ ಅಲ್ಲ, ಹಿಡಿತಕ್ಕೂ ಬೇಕು. ಸಿವಿಟಿಗೆ ಸಿವಿಟಿ ಆಯಿಲೇ ಹಾಕಬೇಕು, ಅದೂ ಕಂಪನಿ ಹೇಳಿದ ನಮೂನೆಯದು. ಬೇರೆ ಆಟೊಮ್ಯಾಟಿಕ್ ಆಯಿಲ್ ಸುರಿದರೆ ಬೆಲ್ಟು ಜಾರಿ ಪುಲ್ಲಿ ಗೀರಿಕೊಳ್ಳುತ್ತದೆ, ಆಮೇಲೆ ಬಾಕ್ಸನ್ನೇ ಬದಲಿಸಬೇಕು. ಹಿಂದಿನವರು ಕಂಡಕಂಡಲ್ಲಿ ಆಯಿಲ್ ಹಾಕಿಸಿದ್ದರೆ ಆ ಗಾಡಿ ಬಿಟ್ಟುಬಿಡು.

ಬೆಳಿಗ್ಗೆ ತಣ್ಣಗಿರುವಾಗಲೇ ಹೋಗಿ ನೋಡು. ‘ಮಾರ್ನಿಂಗ್ ಬಿಸಿ ಮಾಡಿಟ್ಟಿದ್ದೇನೆ’ ಎಂದರೆ ಇನ್ನೊಂದು ದಿನ ಬರುತ್ತೇನೆ ಎನ್ನು. ಬ್ರೇಕ್ ಮೇಲೆ ಕಾಲಿಟ್ಟು ‘ಡಿ’ಗೆ, ‘ಆರ್’ಗೆ ಹಾಕಿದಾಗ ಗಾಡಿ ತಡಮಾಡದೆ ಹಿಡಿಯಬೇಕು. ಹಾಕಿ ಸ್ವಲ್ಪ ಹೊತ್ತಾದ ಮೇಲೆ ಧಡಕ್ ಎಂದರೆ ಅದು ಒಳ್ಳೆಯ ಲಕ್ಷಣವಲ್ಲ. ನಂತರ ರಸ್ತೆಗೆ ಹಾಕಿ 20ರಿಂದ 40ರ ವೇಗದಲ್ಲಿ ಕಾಲನ್ನು ಒಂದೇ ಸಮ ಇಟ್ಟು ಓಡಿಸು. ನಡುಕ ಬರಬಾರದು. ಜೋರಾಗಿ ಒತ್ತಿದಾಗ ಎಂಜಿನ್ ಮೊದಲು ಕೂಗಿ ವೇಗ ಆಮೇಲೆ ಏರಿದರೆ ಹೆದರಬೇಡ, ಸಿವಿಟಿ ಇರುವುದೇ ಹಾಗೆ. ಕೂಗು ಏರುತ್ತಲೇ ಹೋಗಿ ವೇಗ ಏರದೇ ಇದ್ದರೆ ಬೆಲ್ಟು ಜಾರುತ್ತಿದೆ. ಹಲವು ಸಿವಿಟಿಗಳಿಗೆ ಆಯಿಲ್ ಅಳೆಯುವ ಕಡ್ಡಿಯೇ ಇರುವುದಿಲ್ಲ, ಕೆಳಗಿನ ಬೋಲ್ಟ್ ಬಿಚ್ಚಿ ಇಂತಿಷ್ಟೇ ಬಿಸಿಯಲ್ಲಿ ಮಟ್ಟ ನೋಡಬೇಕು. ಗೊತ್ತಿರುವವರ ಕೈಯಲ್ಲಿ ಸ್ಕ್ಯಾನರ್ ಹಾಕಿಸಿ, ಕೋಡುಗಳನ್ನು ಹಿಂದಿನ ದಿನವೇ ಅಳಿಸಿದ್ದಾರೆಯೇ ಎಂಬುದನ್ನೂ ನೋಡಿಸು. ಇದಕ್ಕೆ ಕೊಡುವ ದುಡ್ಡು ದಂಡವಲ್ಲ.

ಇಳಿಜಾರಿನಲ್ಲಿ ‘ಎನ್’ಗೆ ಹಾಕಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತದಾ?
ಕಾಲೇಜು ವಿದ್ಯಾರ್ಥಿ, ಕೊಪ್ಪಳ

ಉಳಿಯುವುದಿಲ್ಲ ತಮ್ಮಾ. ‘ಡಿ’ಯಲ್ಲೇ ಇಟ್ಟು ಎಕ್ಸಲರೇಟರ್‌ನಿಂದ ಕಾಲು ತೆಗೆದರೆ ಈಗಿನ ಗಾಡಿ ತಾನೇ ಪೆಟ್ರೋಲ್ ನಿಲ್ಲಿಸಿ ಚಕ್ರದ ಓಟದಲ್ಲೇ ಎಂಜಿನ್ ತಿರುಗಿಸಿಕೊಳ್ಳುತ್ತದೆ. ‘ಎನ್’ಗೆ ಹಾಕಿದರೆ ಎಂಜಿನ್ ಐಡಲ್‌ನಲ್ಲಿ ನಿಲ್ಲಲು ಪೆಟ್ರೋಲ್ ಕುಡಿಯುತ್ತದೆ. ಮೇಲಿಂದ ಎಂಜಿನ್ನಿನ ತಡೆ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಓಡುತ್ತಿರುವಾಗಲೇ ಮತ್ತೆ ‘ಡಿ’ಗೆ ತಂದರೆ ಗೇರ್ ಬಾಕ್ಸಿಗೆ ಏಟು. ಸಂಡೂರು ಘಾಟಿ ಇಳಿಯುವಾಗ ಮ್ಯಾನ್ಯುಯಲ್‌ಗೆ ತಂದು ಎರಡನೆಯದೋ ಮೂರನೆಯದೋ ಗೇರಿನಲ್ಲಿ ಇಳಿ, ಮುಂದೆ ಅದಿರು ಲಾರಿ ಇದ್ದರೆ ಅದಕ್ಕೆ ಬೇಕಾದಷ್ಟು ದೂರ ಬಿಡು.